ಕಲ್ಲು ಹೇರಿದ ದೋಣಿ

"ಹತ್ರಿ... ನೀರು ನಿಮ್ಮ ಸಲುವಾಗಿ ಕಾಯಂಗಿಲ್ಲ."

ಆ ದನಿ ಕೇಳಿ ಶೈಲಾ ಮುಂದೆ ಬರುವ ಬದಲು ಒಂದು ಹೆಜ್ಜೆ ಹಿಂದೆ ಸರಿದಳು.

ಎದುರಿಗೆ ಕೆರೆ. ಕಾಲುವೆಯ ನೀರು ಬಂದು ಅದು ತುಂಬಿದ ಮೊದಲ ವರ್ಷ ಅದು. ಹಿಂದಿನ ತಿಂಗಳವರೆಗೂ ಅವಳು ನಡೆದು ಹೋಗುತ್ತಿದ್ದ ದಾರಿ ಈಗ ನೀರಿನ ಅಡಿಗಿತ್ತು. ದಾರಿಯ ಆ ತುದಿಯ ಗುಡ್ಡ, ಗುಡ್ಡದ ಮೇಲಿನ ಅಪ್ಪನ ದಾಳಿಂಬೆ ತೋಟ ಎರಡೂ ಸೇರಿ ನಡುಗಡ್ಡೆಯಾಗಿದ್ದವು. ವಳಸಂಗದ ಕಡೆಯ ಜನ ಇಷ್ಟು ನೀರನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಂದು ನೋಡಿ ಕೈಮುಗಿದರು. ಹೊತ್ತು ಇಳಿದರೆ ಮಾತ್ರ ಯಾರೂ ದಂಡೆಗೆ ಬರುತ್ತಿರಲಿಲ್ಲ.

ದೋಣಿಯಲ್ಲಿ ನಿಂತವನು ಧನಾಜಿ. ಕೃಷ್ಣೆಯ ದಂಡೆಯವನು. ಟೆಂಪೋದ ಮೇಲೆ ತನ್ನ ಕಟ್ಟಿಗೆಯ ದೋಣಿ ಹೇರಿಕೊಂಡು, ತೋಟದವರನ್ನು ದಾಟಿಸಲು ಬಂದಿದ್ದ.

"ಈಜಾಕ ಬರ್ತದೇನ್ರಿ?" ಎಂದು ಕೇಳಿದ.

"ನಮ್ಮ ಊರಾಗ ಈಜಾಕ ನೀರು ಎಲ್ಲಿದ್ದೂರಿ?"

"ಹಂಗಾದ್ರ ನಡುವ ಕುಂದ್ರಿ. ಅಲ್ಲಾಡಬ್ಯಾಡ್ರಿ."

"ಅಲ್ಲಾಡಿದ್ರ ಏನಾಗ್ತದ?"

ಅವನು ಹುಟ್ಟು ನೀರಿಗೆ ಇಳಿಸಿದ. ಸುಮ್ಮನೆ ನಕ್ಕ.

ನಡುನೀರಿಗೆ ಬಂದಾಗ ಗಾಳಿ ಬೀಸಿತು. ದೋಣಿ ಓಲಾಡಿತು. ಶೈಲಾ ಕಣ್ಣು ಮುಚ್ಚಿ, ಕೈಗೆ ಸಿಕ್ಕದ್ದನ್ನು ಗಟ್ಟಿಯಾಗಿ ಹಿಡಿದಳು. ಸಿಕ್ಕದ್ದು ಅವನ ಮುಂಗೈ!

"ಕೈ ಬಿಡ್ರಿ, ಹುಟ್ಟು ಹಾಕಬೇಕು."

"ಬಿಡಂಗಿಲ್ಲ!"

ಅವನು ಒಂದೇ ಕೈಯಲ್ಲಿ ಹುಟ್ಟು ಹಾಕಿದ. ದೋಣಿ ಇದ್ದಲ್ಲೇ ಗಿರಕಿ ಹೊಡೆಯತೊಡಗಿತು. ಕಣ್ಣು ಬಿಟ್ಟರೆ ಗುಡ್ಡ, ದಂಡೆ, ಗುಡ್ಡ, ದಂಡೆ... ಎಲ್ಲ ತಿರುಗುತ್ತಿದ್ದವು. ಅವನು ನಗು ತಡೆದುಕೊಂಡು ಕೆಂಪಾಗಿದ್ದ. ಅವಳ ಬಳೆಗಳ ಗುರುತು ಅವನ ಮುಂಗೈಯಲ್ಲಿ ಸಂಜೆಯವರೆಗೂ ಉಳಿಯಿತು.

ವರ್ಷ ಕಳೆಯುವುದರಲ್ಲಿ ಅವಳು ಅವನನ್ನೇ ಮದುವೆಯಾಗುವೆನೆಂದು ಮನೆಯಲ್ಲಿ ಹೇಳಿದಳು.

ಅಪ್ಪ ಗುರಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಮುರಿಯುತ್ತ ಅಂದ: "ಹೊಳಿ ದಂಡಿ ಮಂದಿ, ನೀರಿದ್ದಷ್ಟು ದಿನ ಇರ್ತಾರ. ನೀರು ಹ್ವಾದ್ರ ಅವರೂ ಹೋಗ್ತಾರ. ನಿನ್ನ ಇಚ್ಛಾ."

ಮದುವೆಯಾಯಿತು. ಆದರೆ ಆ ಮಾತು ಶೈಲಾಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತು.

*

ಹಣ್ಣಿನ ಹಂಗಾಮಿನಲ್ಲಿ ಗಂಡ ಹೆಂಡತಿ ನಡುಗಡ್ಡೆಯಲ್ಲಿ ತಗಡಿನ ಪತ್ರಾ ಹೊದಿಸಿದ ಶೆಡ್ಡಿನಲ್ಲೇ ಉಳಿದರು. ಹಣ್ಣಿನ ಕ್ರೇಟುಗಳನ್ನು ದಾಟಿಸಿ ಮುಗಿಸಿದ ಮೇಲೆ ದೋಣಿಯ ಕೆಲಸ ಶುರುವಾಯಿತು.

ಧನಾಜಿ ದೋಣಿಯನ್ನು ಬೇವಿನ ನೆರಳಿಗೆ ಎಳೆದು ಬೋರಲು ಹಾಕಿದ. ಹಳೆಯ ಡಾಂಬರು ಕೆರೆದ. ಹಲಗೆಗಳ ಸಂದಿಗೆ ತುಂಬಲು ಶೈಲಾ ಹತ್ತಿಯ ಬತ್ತಿ ಹೊಸೆದು ಕೊಟ್ಟಳು. ಅವನು ಅವನ್ನು ಬಿಸಿ ಡಾಂಬರಿನಲ್ಲಿ ಅದ್ದಿ, ಉಳಿಯಿಂದ ಮೆಲ್ಲಗೆ ಬಡಿದು ಸಂದಿ ಮುಚ್ಚಿದ.

"ಸಂದ್ಯಾಗ ಹತ್ತಿ ಯಾಕ್ರಿ? ಸಿಮೆಂಟ್ ಹಾಕಿದ್ರ?"

"ಹ್ಞೂಂ..."

"ಹ್ಞೂಂ ಅಂದ್ರೇನ್ರಿ? ಒಂದ ವರ್ಷಾತು, ಹ್ಞೂಂ ಬಿಟ್ಟು ಏನರ ಕಲ್ತಿಲ್ಲಲ್ಲ ನೀವು!"

ಅವನು ಡಾಂಬರಿನ ಬೆರಳಿಂದ ಅವಳ ಮೂಗಿನ ತುದಿಗೆ ಒಂದು ಚುಕ್ಕೆ ಇಟ್ಟ. ಅದೇ ಉತ್ತರ! ಸೀಮೆಎಣ್ಣೆ ಹಾಕಿ ತಿಕ್ಕಿದರೂ ಎರಡು ದಿನ ಹೋಗಲಿಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದ ಶೇವಂತಾ ಕಾಕು ಅದನ್ನು ನೋಡಿ, "ಯವ್ವಾ, ದೃಷ್ಟಿ ಬಟ್ಟು ಗಲ್ಲಕ್ಕ ಇಡ್ತಾರ, ನಿನ್ನ ಗಂಡ ಮೂಗಿಗೆ ಇಟ್ಟಾನಲ್ಲ!" ಎಂದು ಬಿದ್ದು ಬಿದ್ದು ನಕ್ಕಳು.

ಸುಖ ಇತ್ತು. ಆದರೆ ಆ ಸುಖದ ನಡುವೆಯೂ ಶೈಲಾಳಿಗೆ ಏನೋ ಅಂಜಿಕೆ. ಮುಳುಗಿ ಸತ್ತ ಜಾಲಿ ಗಿಡಗಳ ಕಪ್ಪು ಟೊಂಗೆಗಳು ನೀರಿನಿಂದ ಮೇಲೆ ಚಾಚಿಕೊಂಡಿದ್ದವು, ಯಾರೋ ಕೈ ಎತ್ತಿ ಕರೆಯುವಂತೆ. ಬಿಸಿಲು ಏರಿದಂತೆ ನೀರು ಇಳಿಯಿತು. ದಿನಕ್ಕೊಂದು ಟೊಂಗೆ ಹೊಸದಾಗಿ ಕಾಣತೊಡಗಿತು.

'ನೀರು ಹ್ವಾದ್ರ ಅವರೂ ಹೋಗ್ತಾರ...'

ಅವಳು ತಲೆ ಕೊಡವಿಕೊಂಡಳು.

ಏಪ್ರಿಲ್ ಕೊನೆಗೆ ಗಿಡಗಳಿಗೆ ನೀರು ನಿಲ್ಲಿಸಿ ವಿಶ್ರಾಂತಿ ಕೊಟ್ಟರು. ಧನಾಜಿ ಅವಳನ್ನು ತವರಿಗೆ ಬಿಟ್ಟು, ಅಣ್ಣನ ಕಡೆ ದೋಣಿ ಕಟ್ಟುವ ಕೆಲಸಕ್ಕೆ ಹೊರಟ.

"ಯಾವಾಗ ಬರ್ತೀರಿ?"

"ಮಿರಗ ಕೂಡೂದ್ರಾಗ ಬರ್ತೀನಿ."

ಅಷ್ಟೇ! ಮಿರಗದ, ಅಂದರೆ ಮೃಗಶಿರಾ ಮಳೆ ಕೂಡಲು ಇನ್ನೂ ಐದು ವಾರ. ಬೇರೇನೂ ಹೇಳಲಿಲ್ಲ.

*

ಮೂರನೆಯ ದಿನ ಶೈಲಾ ದಂಡೆಗೆ ಹೋದಳು. ದೋಣಿ ಕಟ್ಟುವ ಗೂಟ ಇತ್ತು. ಹಗ್ಗ ಇತ್ತು. ದೋಣಿ ಇರಲಿಲ್ಲ.

ಹಗ್ಗ ಹಿಡಿದು ಎಳೆದಳು. ಬರಲಿಲ್ಲ. ಹಗ್ಗ ನೇರವಾಗಿ ನೀರಿನೊಳಗೆ ಇಳಿದಿತ್ತು.

ಬಗ್ಗಿ ನೋಡಿದಳು...

ಎದೆಮಟ್ಟದ ನೀರಿನ ತಳದಲ್ಲಿ ದೋಣಿ ಕೂತಿತ್ತು. ಅದರ ತುಂಬ ಕಲ್ಲು. ತಾನಾಗಿ ಮುಳುಗಿದ್ದಲ್ಲ. ಯಾರೋ ಒಂದೊಂದೇ ಕಲ್ಲು ತಂದು, ಸಾಲಾಗಿ ಜೋಡಿಸಿ, ಬೇಕೆಂದೇ ಮುಳುಗಿಸಿದ್ದು!

"ಕಾಕೂ! ಇಲ್ಲಿ ಬರ್ರಿ! ಇದನ್ನ ಯಾರು ಮಾಡಿದ್ರು?"

ದಂಡೆಯ ಗುಡಿಸಲಿನಿಂದ ಶೇವಂತಾ ಕಾಕು ಬಂದಳು. "ಯಾರ ಮಾಡ್ತಾರ? ನಿನ್ನ ಗಂಡನ. ಅವತ್ತ ಮುಂಜಾನಿಂದ ಹೊತ್ತೇರೂತನ ಕಲ್ಲ ಹೊತ್ತಾನ. ಹುಟ್ಟು ನನ್ನ ಗುಡಸಲಿಗೆ ಆನಿಸಿ ಇಟ್ಟ. ಒಲಿಗೆ ಹಾಕ್ಲೇನೋ ಅಂತ ಕೇಳಿದ್ರ ನಕ್ಕೋತ ಹ್ವಾದ."

"ಯಾಕಂತ ಕೇಳಲಿಲ್ಲೇನು?"

"ಅಂವನ್ನ ಕೇಳೂದಕಿಂತ ಈ ಕಲ್ಲನ್ನ ಕೇಳಿದ್ರ ಉತ್ತರ ಬಂದೀತು!" ಎಂದು ನಕ್ಕವಳು, ಶೈಲಾಳ ಮುಖ ನೋಡಿ ದನಿ ಇಳಿಸಿದಳು. "ಹೋಗಾಂವ ಮನಿಗೆ ಕೀಲಿ ಹಾಕ್ಕೊಂಡು ಹೋಗ್ತಾನ ಯವ್ವಾ... ಇಂವ ದೋಣಿನ ಹುಗದು ಹೋಗ್ಯಾನಲ್ಲ..."

ಶೈಲಾ ಫೋನು ಮಾಡಿದಳು. ಸ್ವಿಚ್ ಆಫ್. ಸಂಜೆಗೆ ಮತ್ತೆ. ಮರುದಿನ ಮತ್ತೆ. ಸ್ವಿಚ್ ಆಫ್... ಸ್ವಿಚ್ ಆಫ್...

'ತನ್ನ ಕೈಯಾರೆ ದುರಸ್ತಿ ಮಾಡಿದ ದೋಣಿ. ಮಗುವಿನ ಹಾಗೆ ನೋಡಿಕೊಂಡ ದೋಣಿ. ಅದನ್ನೇ ಮುಳುಗಿಸಿ ಹೋದನೆಂದರೆ ಇನ್ನು ಈ ನೀರಿನ ಋಣ ಬೇಡ ಎಂದಲ್ಲವೇ? ನನ್ನ ಋಣ...?'

ಗುರಪ್ಪ ದಿನಾ ಮಗಳ ಮುಖ ನೋಡುತ್ತಿದ್ದ. ಆರನೆಯ ದಿನ ಟ್ರ್ಯಾಕ್ಟರ್ ಕೀಲಿ ತೆಗೆದುಕೊಂಡು ಎದ್ದ. "ನಡಿ. ಅಂವ ಬರ್ಲಿ ಬಿಡ್ಲಿ. ಕಟ್ಟಗಿ ಸಾಮಾನು ನೀರಾಗ ಕೊಳೀಬಾರದು. ಎತ್ತೂಣು."

ನಾಲ್ಕು ಆಳು ಕಲ್ಲು ತೆಗೆದರು. ಟ್ರ್ಯಾಕ್ಟರ್ ಎಳೆಯಿತು. ದೋಣಿ ಕೆಸರು ಸುರಿಸುತ್ತ ಮೇಲೆ ಬಂತು. ನೆಲ ತಾಗದಂತೆ ಕೆಳಗೆ ಜಾಲಿಯ ಬೊಡ್ಡೆಗಳನ್ನು ಕೊಟ್ಟು, ಬಯಲಲ್ಲಿ ನಿಲ್ಲಿಸಿದರು. ಮೇ ತಿಂಗಳ ಬಿಸಿಲು. ಚೆನ್ನಾಗಿ ಒಣಗಲಿ ಎಂದೇ!

ಶೈಲಾ ದಿನಾ ಬಂದು ಅದನ್ನು ತೊಳೆದಳು, ಒರೆಸಿದಳು. ಎರಡು ವಾರಕ್ಕೆ ಹಲಗೆಗಳ ನಡುವೆ ಕೂದಲೆಳೆಯಷ್ಟು ಗೆರೆಗಳು ಕಂಡವು. ಹಳೆಯದಾಗಿದೆ, ಚೆಂದ ಕಾಣುತ್ತಿಲ್ಲ ಎಂದುಕೊಂಡಳು. ಕಿಟಕಿಗೆ ಹಚ್ಚಿ ಉಳಿದ ನೀಲಿ ಬಣ್ಣದ ಡಬ್ಬಿ ಮನೆಯಲ್ಲಿತ್ತು. ಮೂರು ದಿನ ಕೂತು ಒಳಗೆ ಹೊರಗೆ ಬಳಿದಳು. ಗೆರೆಗಳೆಲ್ಲ ಮುಚ್ಚಿಹೋದವು. ದೋಣಿ ಮದುವಣಗಿತ್ತಿಯ ಹಾಗೆ ಮಿಂಚಿತು.

ಆಕೆ ಬಳಿದ ಆ ಬಣ್ಣದ ಅಡಿಯಲ್ಲಿ ಏನಾಗುತ್ತಿದೆ ಎಂದು ಹೇಳಬಲ್ಲವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

*

ಜೂನ್ ಮೊದಲ ವಾರ. ಒಂದು ಸಂಜೆ ದೊಡ್ಡ ಗಾಳಿ ಎದ್ದು, ನಡುಗಡ್ಡೆಯ ಶೆಡ್ಡಿನ ಪತ್ರಾ ಒಂದು ಕಳಚಿ ಬಡಿದಾಡುವುದು ದಂಡೆಗೂ ಕೇಳಿಸಿತು. ಧಡ್... ಧಡ್... ಧಡ್...

ಮರುದಿನ ಗುರಪ್ಪ ಜತ್ತಕ್ಕೆ ಗೊಬ್ಬರ ತರಲು ಹೋಗಿದ್ದ. ಆ ಪತ್ರಾ ಬಿಗಿಸಲೆಂದು ಶೈಲಾ ಊಟದ ಡಬ್ಬಿ ಕಟ್ಟಿಕೊಂಡು ದಂಡೆಗೆ ಬಂದಳು. ಕೆಲಸಕ್ಕೆ ಹೊರಟಿದ್ದ ಇಬ್ಬರು ಆಳುಗಳಿಂದ ದೋಣಿಯನ್ನು ನೀರಿಗೆ ತಳ್ಳಿಸಿದಳು.

"ಒಬ್ಬಾಕಿನ ಹೊಂಟೇನು?" ಶೇವಂತಾ ಕಾಕು ಗಾಬರಿಯಾದಳು. "ಪಡುವಣ ದಿಕ್ಕ ನೋಡ, ಹೆಂಗ ಕರ್ರಗ ಆಗ್ಯದ! ಜೀವಾ ಬ್ಯಾಡಾಗ್ಯದೇನ ನಿನಗ?"

"ಹುಟ್ಟು ಹಾಕಾಕ ಕಲಿಸ್ಯಾರ ಕಾಕು. ಬರ್ತದ ನನಗ. ಅವರ ಬರಲಿಲ್ಲಂದ್ರ ತ್ವಾಟ ಒಣಗಸ್ಲೇನು? ಇನ್ನ ಮ್ಯಾಲೆ ಅಲ್ಲಿ ನಾ ಒಬ್ಬಾಕಿನ ಇರ್ತೀನಿ."

ಅಳು ಬಂದಿತ್ತು. ಅದು ಕಾಣಬಾರದೆಂದು ಬೇಗ ಬೇಗ ಹುಟ್ಟು ಹಾಕಿದಳು.

ದೋಣಿ ಹೊರಟಿತು. ಮೊದಲ ನೂರು ಮಾರು ಏನೂ ಆಗಲಿಲ್ಲ.

ಆಮೇಲೆ ಪಾದಕ್ಕೆ ತಣ್ಣಗಾಯಿತು.

'ಹುಟ್ಟಿನಿಂದ ಸಿಡಿದ ನೀರು...' ಎಂದುಕೊಂಡಳು.

ಇನ್ನೂ ಹತ್ತು ಸಲ ಹುಟ್ಟು ಹಾಕುವುದರಲ್ಲಿ ಕಾಲಗೆಜ್ಜೆ ನೀರಲ್ಲಿತ್ತು. ಬಗ್ಗಿ ನೋಡಿದಳು. ನೀಲಿ ಬಣ್ಣ ಉದ್ದಕ್ಕೆ ಪಟ್ಟಿಯಾಗಿ ಸುಲಿಯುತ್ತಿತ್ತು. ಅದರ ಹಿಂದೆ ಹಲಗೆ ಹಲಗೆಯ ನಡುವೆ ಸಂದಿ... ಬೆರಳಿನ ಉಗುರು ಹೋಗುವಷ್ಟು! ಅವಳೇ ಹೊಸೆದ ಹತ್ತಿ ಬತ್ತಿಗಳು ಸಡಿಲಾಗಿ ತೇಲುತ್ತಿದ್ದವು. ನಾಲ್ಕೂ ಕಡೆಯಿಂದ ಸದ್ದಿಲ್ಲದೆ ನೀರು ಒಳಗೆ ಬರುತ್ತಿತ್ತು.

"ಅಯ್ಯೋ... ಕಾಕೂ! ಕಾಕೂ!!"

ಡಬ್ಬಿಯ ರೊಟ್ಟಿ ಪಲ್ಯೆ ಚೆಲ್ಲಿ, ಅದರಿಂದಲೇ ನೀರು ಮೊಗೆಯತೊಡಗಿದಳು. ಒಂದು ಡಬ್ಬಿ ಹೊರಗೆ ಹಾಕಿದರೆ ಎರಡು ಡಬ್ಬಿ ಒಳಗೆ. ಮೊಣಕಾಲಿಗೆ ಬಂತು. ದಂಡೆ ದೂರ, ಗುಡ್ಡವೂ ದೂರ. ಗಾಳಿ ಜೋರಾಯಿತು. ಸತ್ತ ಜಾಲಿ ಟೊಂಗೆಗಳು ಹತ್ತಿರ ಹತ್ತಿರ ಬರುತ್ತಿರುವಂತೆ ಕಂಡಿತು.

'ಸಾಯ್ತೀನಿ... ಇವತ್ತು ನಾನು ಸಾಯ್ತೀನಿ...'

ಆಗ ದಂಡೆಯಿಂದ ಒಂದು ಕೂಗು.

"ಶೈಲಾಽಽಽ!"

ಆ ದನಿ! ಅವಳು ತಿರುಗಿದಳು. ಶೇವಂತಾ ಕಾಕುವಿನ ಪಕ್ಕದಲ್ಲಿ, ಹೆಗಲಿನ ಚೀಲ ಕೆಳಗೆ ಎಸೆಯುತ್ತಿದ್ದವನು... ಧನಾಜಿ!

"ಜಿಗೀಬ್ಯಾಡ! ದೋಣಿ ಬಿಡಬ್ಯಾಡ! ಅಂಚ ಹಿಡಕೋ, ಗಟ್ಟಿ ಹಿಡಕೋ!"

"ಮುಳಗಾಕತ್ಯದರೀ!"

"ಮುಳಗಂಗಿಲ್ಲ! ಕಟ್ಟಗಿ ಐತಿ, ಪೂರಾ ಮುಳಗಂಗಿಲ್ಲ!"

ಹೇಗೆ ನಂಬಲಿ? ಇದೇ ದೋಣಿ ತಳ ಸೇರಿದ್ದನ್ನು ತನ್ನ ಕಣ್ಣಿಂದ ನೋಡಿದ್ದಾಳೆ. ಮುಳುಗಿಸಿದವನು ಅವನೇ! ಪಕ್ಕದಲ್ಲೇ ಒಂದು ಜಾಲಿ ಟೊಂಗೆ ಕಂಡಿತು. ಅದಕ್ಕೆ ಜಿಗಿದರೆ? ಒಂದು ಕೈ ಚಾಚಿದಳು.

ಅವನು ಖಾಲಿ ಪ್ಲಾಸ್ಟಿಕ್ ಕ್ಯಾನೊಂದನ್ನು ಎದೆಗೆ ಒತ್ತಿಕೊಂಡು ನೀರಿಗೆ ಬಿದ್ದಿದ್ದ. ಕೈ ಬೀಸುತ್ತಲೇ ಮತ್ತೆ ಕೂಗಿದ. ಗಾಳಿ ಆ ಮಾತನ್ನು ತುಂಡು ತುಂಡಾಗಿ ತಂದಿತು.

"ಟೊಂಗಿ ಬ್ಯಾಡ, ಮುರೀತದ! ಕಲ್ಲಿಲ್ದ ಮುಳಗಂಗಿಲ್ಲ ಶೈಲಾ... ಅದಕ್ಕ... ಅದಕ್ಕ ಕಲ್ಲ ಹೇರಿದ್ದೆ!"

ಅವಳ ಕೈ ಗಾಳಿಯಲ್ಲೇ ನಿಂತಿತು.

ಕಲ್ಲು... ಕಲ್ಲಿಲ್ಲದೆ ಮುಳುಗುವುದಿಲ್ಲ. ಅದಕ್ಕೆ ಅಷ್ಟೊಂದು ಕಲ್ಲು!

ಚಾಚಿದ ಕೈ ಹಿಂದೆ ತೆಗೆದಳು. ಎರಡೂ ಕೈಯಿಂದ ಅಂಚನ್ನು ತಬ್ಬಿಕೊಂಡಳು. ದೋಣಿ ಅವಳನ್ನೂ ಸೇರಿಸಿ ಕೆಳಗೆ ಇಳಿಯಿತು. ಸೊಂಟ... ಎದೆ... ಗಂಟಲು. ಕಣ್ಣು ಮುಚ್ಚಿಕೊಂಡಳು.

ಅಲ್ಲಿಗೆ ನಿಂತಿತು!

ಅಂಚು ಮಾತ್ರ ನೀರಿನ ಮಟ್ಟಕ್ಕೆ ಸಮನಾಗಿ ತೇಲುತ್ತಿತ್ತು. ಅವಳ ಮುಖವೂ. ಎಷ್ಟು ಹೊತ್ತೋ ತಿಳಿಯದು, ಬೆನ್ನಿಗೆ ಒಂದು ಎದೆ ತಾಗಿತು. ಏದುಸಿರು ಕಿವಿಗೆ ಬಿತ್ತು.

"ಬಂದೀನಿ. ಬಂದೀನಿ... ಈಗ ಕಾಲು ಬಡಿ. ನಾ ಹೇಳಿದಂಗ."

*

ನಡುಗಡ್ಡೆಯ ಕೆಸರಿನಲ್ಲಿ ಇಬ್ಬರೂ ಬಿದ್ದುಕೊಂಡಿದ್ದರು. ಮೇಲೆ ಮೊದಲ ಮಳೆಯ ದಪ್ಪ ಹನಿಗಳು. ದೋಣಿ ತುಂಬಿದ ನೀರಿನೊಂದಿಗೆ ಪಕ್ಕದಲ್ಲೇ ತಾಗಿ ನಿಂತಿತ್ತು.

ಶೈಲಾ ಎದ್ದು ಕೂತಳು. ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ಯಾಕ ಮುಳುಗ್ಸಿ ಹ್ವಾದ್ರಿ? ಯಾಕ? ಫೋನ್ ಯಾಕ ಬಂದ್ ಇಟ್ರಿ?"

"ಫೋನು ಎರಡನೇ ದಿನಾನ ಹೊಳ್ಯಾಗ ಬಿತ್ತು. ನಿನ್ನ ನಂಬರ್ ಬಾಯಿಪಾಠ ಇಲ್ಲ."

"ದೋಣಿ?"

"ಬ್ಯಾಸಗ್ಯಾಗ ಹಂಗ ಇಡ್ತಾರ. ಬಿಸಲಿಗೆ ಬಿಟ್ರ ಹಲಗಿ ಕುಗ್ಗಿ ಬಾಯಿ ಬಿಡ್ತಾವ. ನೀರಾಗಿದ್ರ ಉಬ್ಬಿ ಗಟ್ಟಿ ಇರ್ತಾವ. ನಮ್ಮ ದಂಡ್ಯಾಗ ಎಲ್ಲಾರೂ ಮಾಡ್ತಾರ."

"ನನಗ ಹೇಳಬಾರದೇನ್ರಿ?"

"ಹೇಳೂದೇನೈತಿ ಅದರಾಗ? ನಮ್ಮ ಅವ್ವಗ ಅಪ್ಪ ಯಾವತ್ತೂ ಹೇಳಿದ್ದಿಲ್ಲ..." ಅನ್ನುತ್ತ ಅವನ ದನಿ ಸಣ್ಣದಾಯಿತು. "ಅವ್ವ ದಂಡಿ ಮ್ಯಾಲ ಹುಟ್ಟಿದಾಕಿ. ನೀ ಅಲ್ಲ. ಅದು ನನ್ನ ತಲಿಗಿ ಬರಲಿಲ್ಲ."

ಅವಳು ಮುಖ ಮುಚ್ಚಿಕೊಂಡಳು. "ಎತ್ತಿ ಒಣಗ್ಸಿದಾಕಿ ನಾನ ರೀ. ಬಣ್ಣ ಹಚ್ಚಿದಾಕಿನೂ ನಾನ. ನೀವು ಬಿಟ್ಟು ಹೋದ್ರಿ ಅಂತ ತಿಳದಿದ್ದೆ. ಆದ್ರೂ ಬಂದ್ರ ನೋಡಿ ಖುಷಿ ಆಗ್ಲಿ ಅಂತ..."

ಧನಾಜಿ ದೋಣಿಯ ಸುಲಿದ ನೀಲಿ ಬಣ್ಣದ ಮೇಲೆ ಕೈಯಾಡಿಸಿದ. ಆಮೇಲೆ ಹೇಳಿದ. ಅವನು ಒಟ್ಟಿಗೆ ಅಷ್ಟು ಮಾತು ಆಡಿದ್ದು ಅದೇ ಮೊದಲು.

"ದಂಡಿಗೆ ಬಂದೆ. ಜಾಲಿ ಬೊಡ್ಡಿ ನೋಡಿದೆ. ಸುತ್ತ ನೀಲಿ ಬಣ್ಣದ ಹನಿ. ನಮ್ಮ ಮನಿತನದಾಗ ಅಂಬಿಗ ಸತ್ರ ಅಷ್ಟ ಅಂವನ ದೋಣಿ ಎಳದು ಬಿಸಲಿಗೆ ಇಡ್ತಾರ. ಅಪ್ಪ ಹ್ವಾದಾಗ ಹಂಗ ಇಟ್ಟಿದ್ವಿ. ಅದನ್ನ ನೋಡಿ... ಇವರ ಪಾಲಿಗೆ ನಾ ಸತ್ತೀನಿ ಅನ್ಕೊಂಡೆ. ಚೀಲ ಹೆಗಲಿಗೆ ಹಾಕ್ಕೊಂಡು ತಿರುಗಿ ನಡದಿದ್ದೆ ಶೈಲಾ. ಕಾಕು ಕೂಗಿದ್ದು ಕೇಳಿ ಹಿಂದ ನೋಡಿದೆ."

ಶೈಲಾ ಆಚೆ ದಂಡೆಯ ರಸ್ತೆಯತ್ತ ನೋಡಿದಳು. ಇನ್ನೊಂದು ಗಳಿಗೆ ತಡವಾಗಿದ್ದರೆ? ಅವನು ರಸ್ತೆಯ ತಿರುವು ದಾಟಿಬಿಟ್ಟಿದ್ದರೆ? ಕೂಗು ಕೇಳಿಸದಿದ್ದರೆ...?

ಅವಳು ಅವನ ಒದ್ದೆ ಅಂಗಿಯನ್ನು ಹಿಡಿದು ಎಳೆದು, ಎದೆಗೆ ಮುಖ ಒತ್ತಿ ಅತ್ತಳು. ಅವನು ಅವಳ ತಲೆಯ ಮೇಲೆ ಗದ್ದವಿಟ್ಟ.

"ನಿನ್ನ ಬಿಟ್ಟು ಹೋಗಾಂವಲ್ಲ ನಾ," ಎಂದ. "ಹೇಳಾಕ ಬರಂಗಿಲ್ಲ. ಆದ್ರ ಜೀವಾ ನಿನ್ನ ಮ್ಯಾಲ ಐತಿ. ಭಾಳ ಐತಿ."

ಅಷ್ಟರಲ್ಲಿ ಆಚೆ ದಂಡೆಯಲ್ಲಿ ಟ್ರ್ಯಾಕ್ಟರಿನ ಸದ್ದು. ಗುರಪ್ಪ ನೀರಿಗೆ ಮೊಣಕಾಲವರೆಗೆ ಇಳಿದು ನಿಂತು ಕೂಗುತ್ತಿದ್ದ.

"ಶೈಲಾ! ಜೀವಂತ ಅದೀಯೇನ ತಾಯೀ!"

"ಅದೀನಿ ಅಪ್ಪಾ! ಇಬ್ಬರೂ ಅದೀವಿ!"

"ಒಣಗಿದ್ದಕ್ಕ ಬಾಯಿ ಬಿಟ್ಟಿತ್ರೀ ಮಾವಾರ!" ಎಂದು ಧನಾಜಿಯೂ ಕೂಗಿದ.

ಗುರಪ್ಪ ಹಣೆ ಬಡಿದುಕೊಂಡದ್ದು ಇಲ್ಲಿಂದಲೇ ಕಂಡಿತು.

"ಚಕ್ಕಡಿ ಗಾಲಿ ಸಡಿಲಾದ್ರ ಹಳ್ಳದಾಗ ನೆನಿ ಹಾಕ್ತಿದ್ವಲ್ಲೋ! ಹತ್ತು ವರ್ಷ ನಾನ ಹಾಕೀನಿ... ಚಕ್ಕಡಿ ಮಾರಿದೆ, ಅದರ ಕೂಡ ಬುದ್ಧೀನೂ ಮಾರಿದೆ ನೋಡು! ಧನಾಜೀ, ಈಗ ಏನ್ ಮಾಡೂದಪಾ?"

"ನಾಕು ದಿನ ನೀರಾಗ ಇರ್ಲಿ, ಕೂಡ್ತದ! ಅಲ್ಲೀತನ ಇಲ್ಲೇ ಇರ್ತೀವಿ!"

"ಊಟಕ್ಕ?"

"ಶೆಡ್ಡಿನ್ಯಾಗ ಜ್ವಾಳದ ಹಿಟ್ಟೈತಿ ಅಪ್ಪಾ!"

ಗುರಪ್ಪ ಇನ್ನೂ ಏನೋ ಕೂಗಿದ. ಮಳೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಆದರೂ ಅವನು ಕತ್ತಲಾಗುವವರೆಗೆ ದಂಡೆ ಬಿಟ್ಟು ಹೋಗಲಿಲ್ಲ.

ಶೆಡ್ಡಿನಲ್ಲಿ ಶೈಲಾ ಒಲೆ ಹೊತ್ತಿಸಿದಳು. ಹೊರಗೆ ಕಪ್ಪು ನೀರು ಏರುತ್ತಿತ್ತು. ಅದರ ಅಂಜಿಕೆ ಅವಳಿಗೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಬಹುಶಃ ಎಂದೂ ಹೋಗದು.

"ಒಂದು ಮಾತು ಕೊಡ್ರಿ," ಅಂದಳು. "ಹೇಳೂದೇನೈತಿ ಅಂತ ನಿಮಗ ಯಾವುದು ಅನಸ್ತದಲ್ಲ, ಅದನ್ನ ಮದಲ ನನಗ ಹೇಳಬೇಕು."

"ಎಲ್ಲಾನೂ?"

"ಎಲ್ಲಾನೂ."

ಅವನು ಮೂಲೆಯಲ್ಲಿದ್ದ ಸುತ್ತಿಗೆ ಕೈಗೆತ್ತಿಕೊಂಡ.

"ಶೈಲಾ... ಕಳಚಿದ ಪತ್ರಾಕ್ಕ ಈಗ ಮೊಳಿ ಹೊಡೀತೀನಿ."

"ಹ್ಞೂಂ."

"ಆಮ್ಯಾಲ ಕೈ ತೊಳಕೋತೀನಿ."

"ಹ್ಞೂಂ."

"ಆಮ್ಯಾಲ ಬಂದು ನಿನ್ನ ಬಾಜೂಕ ಕುಂಡ್ರತೀನಿ."

ಶೈಲಾ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ಅದನ್ನ ಹೇಳಬ್ಯಾಡ್ರಿ... ಸುಮ್ನ ಬಂದು ಕುಂದ್ರಿ."